ತಾರಸಿಗೆ ಬೇಕಾದ ಹಗುರ ಮಣ್ಣು

ಠಾಣೆಯಿಂದ ಹೊರಟ ನಿಧಾನದ ಲೋಕಲ್ ಕಳ್ವಾ ದಾಟಿದರೆ ಸಿಗುವುದು ಮುಂಬ್ರಾ. ಒಂದು ಕಡೆ ಪಾರ್ಸಿಕ್ ಗುಡ್ಡ, ಇನ್ನೊಂದು ಕಡೆ ಖಾಡಿಯ ನೀರು. 1853ರಲ್ಲಿ ಠಾಣೆಗೆ ಬಂದ ರೈಲು ಮರುವರ್ಷ ಖಾಡಿಯ ಮೇಲೆ ಸೇತುವೆ ಹಾಕಿ, ಗುಡ್ಡಕ್ಕೆ ಸುರಂಗ ಕೊರೆದು ಕಲ್ಯಾಣ ಮುಟ್ಟಿತು. ವೇಗದ ಗಾಡಿಗಳ ಉದ್ದನೆಯ ಪಾರ್ಸಿಕ್ ಸುರಂಗ ತೆರೆದದ್ದು 1916ರಲ್ಲಿ. ಗುಡ್ಡಕ್ಕೂ ನೀರಿಗೂ ನಡುವೆ ಉಳಿದ ಸಣ್ಣ ಪಟ್ಟಿಯಲ್ಲೇ ಊರು ಬೆಳೆಯಬೇಕಾಯಿತು. 1992–93ರ ಗಲಭೆಯ ನಂತರ ಮುಂಬಯಿ ಬಿಟ್ಟ ಸಾವಿರಾರು ಮುಸ್ಲಿಂ ಕುಟುಂಬಗಳು ಇಲ್ಲಿಗೆ ಬಂದವು. ಕಟ್ಟಡಗಳು ಒತ್ತೊತ್ತಾಗಿ ಎದ್ದವು, ಅಂಗಳ ಎನ್ನುವುದು ಇಲ್ಲವಾಯಿತು. ಇಂಥ ಊರಿನಲ್ಲಿ ಕೈತೋಟ ಎಂದರೆ ಕಿಟಕಿಯ ಗ್ರಿಲ್ಲು, ಇಲ್ಲವೇ ತಾರಸಿ.

ತಾಜಾ ಸೊಪ್ಪು ಕಣ್ಣಿಗೆ ಬೀಳುವುದಿಲ್ಲ ಎಂದಲ್ಲ. ಉಪನಗರದ ಹಳಿಗಳ ಪಕ್ಕದಲ್ಲಿ ಪಾಲಕ್, ಹರಿವೆ, ಬೆಂಡೆಯ ಪಾತಿಗಳನ್ನು ಪ್ರಯಾಣಿಕರು ದಶಕಗಳಿಂದ ನೋಡುತ್ತ ಬಂದಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬಂಗಾಳದ ಕ್ಷಾಮದ ನೆರಳಿನಲ್ಲಿ, ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಸರ್ಕಾರಿ ಚಳವಳಿ ಶುರುವಾಗಿತ್ತು. ಮುಂದೆ ರೈಲ್ವೆಯೂ ಅದೇ ಹೆಸರಿನಲ್ಲಿ ಹಳಿಪಕ್ಕದ ಖಾಲಿ ಜಾಗವನ್ನು ನೌಕರರಿಗೆ ಬೇಸಾಯಕ್ಕೆ ಕೊಟ್ಟಿತು. ಆದರೆ ಅನೇಕ ಕಡೆ ಆ ಪಾತಿಗಳಿಗೆ ಹರಿಯುವುದು ನಾಲೆಯ ಕೊಳಕು ನೀರು. ಮನೆಯಲ್ಲೇ ನಾಲ್ಕು ಕಟ್ಟು ಸೊಪ್ಪು ಬೆಳೆಯಬೇಕೆಂಬ ಆಸೆಗೆ ಇದೂ ಒಂದು ಕಾರಣ.

ಆಸೆಗೆ ಅಡ್ಡಬರುವುದು ತೂಕ. ಒಂದು ಘನ ಅಡಿ ಒದ್ದೆ ಮಣ್ಣು ಸುಮಾರು 50 ಕಿಲೋ ತೂಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಮಡಿಯಲ್ಲಿ ಒಂದಡಿ ಮಣ್ಣು ತುಂಬಿದರೆ ತಾರಸಿಯ ಮೇಲೆ 5 ಟನ್ ಕೂತಂತೆ. 2013ರ ಏಪ್ರಿಲ್ 4ರಂದು ಮುಂಬ್ರಾದ ಶಿಳ್ ಫಾಟಾದಲ್ಲಿ, ಅನುಮತಿಯಿಲ್ಲದೆ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 74 ಜನ ಸತ್ತರು. ಆ ಕುಸಿತಕ್ಕೂ ತೋಟಕ್ಕೂ ಸಂಬಂಧವಿಲ್ಲ. ಆದರೂ ಅಂಥ ಊರಿನಲ್ಲಿ ತಾರಸಿಗೆ ಮಣ್ಣು ಹೊರುವ ಮೊದಲು ಕೇಳಲೇಬೇಕಾದ ಪ್ರಶ್ನೆ ಒಂದೇ: ಇದನ್ನು ಚಾವಣಿ ತಾಳುತ್ತದೆಯೇ?

ಈ ಪ್ರಶ್ನೆಗೆ ಉತ್ತರ ಮಹಾರಾಷ್ಟ್ರದಲ್ಲೇ ಸಿಕ್ಕಿತು. ಕೊಲ್ಹಾಪುರದ ಶ್ರೀಪಾದ ದಾಭೋಳ್ಕರ್ ಗಣಿತದ ಮೇಷ್ಟ್ರು. ‘ಪ್ರಯೋಗ ಪರಿವಾರ’ ಎಂಬ ಬಳಗ ಕಟ್ಟಿ, ರೈತರು ತಮ್ಮ ಹೊಲದಲ್ಲೇ ಪ್ರಯೋಗ ಮಾಡಿ ಒಬ್ಬರಿಂದೊಬ್ಬರು ಕಲಿಯುವ ದಾರಿ ತೋರಿಸಿದರು. ಒಣ ಎಲೆ, ಕಸಕಡ್ಡಿಗಳನ್ನು ಕೊಳೆಸಿದರೆ ಮಣ್ಣನ್ನು ಮನೆಯಲ್ಲೇ ತಯಾರಿಸಬಹುದು ಎಂಬುದು ಅವರ ಪಾಠ. ಮುಂಬಯಿಯ ಬಾಂದ್ರಾದಲ್ಲಿ ಡಾ. ಆರ್. ಟಿ. ದೋಶಿ ಎಂಬ ಅರ್ಥಶಾಸ್ತ್ರಜ್ಞರು ಇಂಥದನ್ನೇ ತಾರಸಿಗೆ ತಂದರು. ಚೀಲ, ಡ್ರಮ್ಮುಗಳಲ್ಲಿ ಕಬ್ಬಿನ ಸಿಪ್ಪೆ, ಅದರ ಮೇಲೆ ಗೊಬ್ಬರ, ಎಲ್ಲಕ್ಕಿಂತ ಮೇಲೆ ತೆಳುವಾಗಿ ಮಣ್ಣು. 2002ರಲ್ಲಿ ಮುಂಬಯಿ ಪೋರ್ಟ್ ಟ್ರಸ್ಟಿನ ಕ್ಯಾಂಟೀನ್ ವಿಭಾಗದ ಅಧಿಕಾರಿ ಪ್ರೀತಿ ಪಾಟೀಲ್ ಅಡುಗೆಮನೆಯ ಕಸದಿಂದಲೇ ಅದರ ತಾರಸಿಯಲ್ಲಿ ತೋಟ ಎಬ್ಬಿಸಿದರು. ಕಬ್ಬಿನ ಹಾಲಿನ ಗಾಡಿಯವನು ಎಸೆಯುವ ಸಿಪ್ಪೆಯೇ ಮಣ್ಣಿನ ಜಾಗ ತುಂಬಿತು, ತೂಕ ಇಳಿಯಿತು.

ಇನ್ನುಳಿದದ್ದು ಕಾಲದ ಲೆಕ್ಕ. ವಸಂತದ ತೋಟಕ್ಕೆ ಮಾರ್ಚಿನಲ್ಲಿ ಮಣ್ಣು ಅಗೆಯುವುದು ಯುರೋಪಿನ ಪದ್ಧತಿ. ಬ್ರಿಟಿಷರ ಜೊತೆ ಬಂದ ಬೀಜಗಳಿಗೂ ಇಲ್ಲಿ ಪಂಚಾಂಗ ಬದಲಾಯಿತು, ಕೋಸು, ಕ್ಯಾರೆಟ್ಟುಗಳ ಬಿತ್ತನೆ ಮಳೆ ನಿಂತ ಮೇಲೆ ಎಂದಾಯಿತು. ಕೊಂಕಣದಲ್ಲಿ ಮಾರ್ಚ್ ಎಂದರೆ ಆಗಲೇ ಬೇಸಿಗೆ. ಆದ್ದರಿಂದ ಯುಗಾದಿಯ ತೋಟದ ಕೆಲಸ ಶುರುವಾಗುವುದು ನವರಾತ್ರಿಗೆ. ಆಗ ಡ್ರಮ್ಮು ತುಂಬಿಟ್ಟರೆ ಸಿಪ್ಪೆ ಕೊಳೆತು ಕುಸಿಯುತ್ತದೆ, ಮೇಲೆ ಮತ್ತೆ ಗೊಬ್ಬರ ಹಾಕಬೇಕು. ಮೊದಲು ಮೆಂತ್ಯ, ಪಾಲಕ್, ಟೊಮೆಟೊ. ಮಲ್ಲಿಗೆಯನ್ನು ಚಳಿಯಲ್ಲಿ ಸವರಿದರೆ ಬಿಸಿಲೇರುವಾಗ ಮೊಗ್ಗು ಬಿಡುತ್ತದೆ. ಸಂಕ್ರಾಂತಿ ಕಳೆದ ಮೇಲೆ ಬೆಂಡೆ, ಹರಿವೆ, ಅಲಸಂದೆ, ಸೌತೆ. ಕರಾವಳಿಯಿಂದ ಬಂದ ಕನ್ನಡ, ತುಳು ಮನೆಗಳಿಗೆ ಬೇಕೇ ಬೇಕಾದ ಬಸಳೆಗೆ ಬೀಜವೂ ಬೇಡ, ಬಲಿತ ದಂಟಿನ ಗೇಣುದ್ದದ ತುಂಡು ಊರಿದರೆ ಸಾಕು.

ಡ್ರಮ್ಮು ಇಡುವ ಜಾಗ ಚಾವಣಿಯ ನಡುವಲ್ಲ, ಕೆಳಗೆ ತೊಲೆ, ಕಂಬ ಇರುವ ಅಂಚು. ಮಳೆನೀರು ಹೋಗುವ ಕಿಂಡಿಗೆ ಏನೂ ಅಡ್ಡ ಬರಬಾರದು. ಹಳೆಯ ಕಟ್ಟಡವಾದರೆ ಎಂಜಿನಿಯರರನ್ನು ಕೇಳಿಯೇ ಮುಂದಿನ ಮಾತು. ಅವರು ಬೇಡವೆಂದರೆ ಕಿಟಕಿಯ ಗ್ರಿಲ್ಲಿನಲ್ಲಿ ಎರಡು ಡಬ್ಬಿ ಬಸಳೆ. ಯುಗಾದಿಯ ಹೊತ್ತಿಗೆ ಬಳ್ಳಿ ಸರಳು ಹಿಡಿದು ಮೇಲಿನ ಮನೆಯವರ ಕಿಟಕಿಗೂ ಏರಿರುತ್ತದೆ.