ಗಳದಿಂದ ಬೀರುವಿನವರೆಗೆ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ಇಸವಿ ಎಂದೇ ಬಹುಮಂದಿ ಭಾವಿಸುತ್ತಾರೆ. ಉಡುವ ಬಟ್ಟೆಯನ್ನು ನಮ್ಮ ಹಿರಿಯರು ಎಲ್ಲಿಡುತ್ತಿದ್ದರು ಎಂಬ ಸಾಮಾನ್ಯ ಪ್ರಶ್ನೆಗೂ ಒಂದು ಇತಿಹಾಸವುಂಟು. ಮನೆಯೊಳಗೆ ಯಾರಿಗೆ ಎಷ್ಟು ಜಾಗವಿತ್ತು ಎಂಬುದನ್ನು ಅದು ತಿಳಿಸುತ್ತದೆ.

ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿಯೂ ಹಳೇಬೀಡಿನ ಹೊಯ್ಸಳೇಶ್ವರದಲ್ಲಿಯೂ ಉಡುಗೆ ತೊಡುಗೆಗಳ ನೆರಿಗೆ ನೆರಿಗೆಯನ್ನೂ ಕಾಣಬಹುದು. ಅವನ್ನು ಮಡಿಸಿಟ್ಟ ಮನೆಗಳು ಮಾತ್ರ ಉಳಿದಿಲ್ಲ. ಕಲ್ಲು ಉಳಿಯಿತು, ಮರ ಮಣ್ಣಾಯಿತು. ಬೇಲೂರಿನಲ್ಲಿ ಸೀರೆಯೊಳಗೆ ಸೇರಿದ ಚೇಳನ್ನು ಕಂಡು ಬಟ್ಟೆ ಕೊಡವುತ್ತಿರುವ ಮದನಿಕೆ ಎಂದು ಮಾರ್ಗದರ್ಶಿಗಳು ಒಂದು ವಿಗ್ರಹವನ್ನು ತೋರಿಸುವುದುಂಟು. ಕೊಡವದೆ ಉಡಬಾರದೆಂಬ ನಮ್ಮ ಅಜ್ಜಿಯರ ಎಚ್ಚರಿಕೆ ಆಗ ನನಗೆ ನೆನಪಾಗುತ್ತದೆ.

ಅರಸೀಕೆರೆ ಸೀಮೆಯ ನನ್ನ ಬಾಲ್ಯದ ಮನೆಗಳಲ್ಲಿ ಬಟ್ಟೆಗೆ ಮೂರು ಸ್ಥಾನಗಳಿದ್ದವು. ಸೂರಿನಿಂದ ಇಳಿಬಿಟ್ಟ ಬಿದಿರಿನ ಗಳದ ಮೇಲೆ ಮಡಿಬಟ್ಟೆ. ಗೋಡೆಯ ಗೂಡು, ಗೂಟ, ನಾಗಂದಿಗೆಗಳಲ್ಲಿ ನಿತ್ಯದ ಬಟ್ಟೆ. ಕೋಣೆಯ ಮೂಲೆಯ ಪೆಟ್ಟಿಗೆಯಲ್ಲಿ ಹಬ್ಬದ ಹಾಗೂ ಮದುವೆಯ ಬಟ್ಟೆ. ಎಷ್ಟು ಸಲ ಬೇಕಾಗುವುದೋ ಅಷ್ಟು ಕೈಗೆ ಹತ್ತಿರ ಎಂಬುದೇ ಅದರ ಸೂತ್ರ. ಅದನ್ನು ಯಾರೂ ಬರೆದಿಡಲಿಲ್ಲ, ಎಲ್ಲರೂ ಪಾಲಿಸಿದರು.

ನಮ್ಮ ಮಾತುಗಳೂ ಈ ಕಥೆಯನ್ನು ಹೇಳುತ್ತವೆ. ‘ಪೆಟ್ಟಿಗೆ’ ಹಳೆಯ ಮಾತು. ‘ಅಲಮಾರು’ ಪೋರ್ಚುಗೀಸರಿಂದ ಬಂದದ್ದು. ‘ಬೀರು’ ಎಂಬುದು ಇಂಗ್ಲಿಷಿನ ‘ಬ್ಯೂರೋ’, ಅದು ಅವರಿಗೆ ಬಂದದ್ದು ಫ್ರೆಂಚಿನಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅರಸೀಕೆರೆಗೆ ರೈಲು ಬಂದಿತು. ತಗಡಿನ ಟ್ರಂಕು ಪ್ರಯಾಣಿಕರ ಸಂಗಾತಿಯಾಯಿತು. 1923ರಲ್ಲಿ ಗೋದ್ರೇಜ್ ಸಂಸ್ಥೆ ಉಕ್ಕಿನ ಬೀರುಗಳನ್ನು ತಯಾರಿಸತೊಡಗಿತು. ಬರಬರುತ್ತ ಬೀರು ಮದುವೆಯ ಉಡುಗೊರೆಗಳ ಪಟ್ಟಿಯನ್ನೂ ಸೇರಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅವಿಭಕ್ತ ಕುಟುಂಬದಲ್ಲಿ ಹೊಲ, ಮನೆ, ತೆಂಗಿನ ತೋಟ ಯಾವುದೂ ಸೊಸೆಯ ಹೆಸರಿನಲ್ಲಿರಲಿಲ್ಲ. ತವರಿನಿಂದ ತಂದ ಟ್ರಂಕೊಂದೇ ಅವಳದು. ಅದರ ಬೀಗದ ಕೈ ಅವಳ ಸೆರಗಿನ ತುದಿಯಲ್ಲಿರುತ್ತಿತ್ತು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ತಂದು ಹೆಣ್ಣಿಗೆ ಆಸ್ತಿಯಲ್ಲಿ ಕೆಲವು ಹಕ್ಕುಗಳನ್ನು ಕೊಟ್ಟಿತು. ಆದರೆ ನಾನು ಕಂಡ ಅನೇಕ ತಾಯಂದಿರಿಗೆ ಕಡೆಯವರೆಗೂ ಸ್ವಂತದ್ದೆಂದು ಉಳಿದದ್ದು ಆ ಟ್ರಂಕು ಮಾತ್ರ. ನನ್ನ ತಾಯಿಯ ಟ್ರಂಕಿನಲ್ಲಿ ಎರಡು ರೇಷ್ಮೆ ಸೀರೆ, ಒಣಗಿದ ಬೇವಿನ ಎಲೆ, ನಮ್ಮ ಅಂಕಪಟ್ಟಿಗಳು ಇದ್ದವು. ನಮ್ಮ ತಂದೆಯವರೂ ಕೇಳದೆ ಅದನ್ನು ತೆರೆಯುತ್ತಿರಲಿಲ್ಲ.

ಇಂದು ಹೊಸ ಮನೆ ಕಟ್ಟುವವರು ಮಲಗುವ ಕೋಣೆಯ ಗೋಡೆಯುದ್ದಕ್ಕೂ ವಾರ್ಡ್‌ರೋಬ್ ಮಾಡಿಸುತ್ತಾರೆ. ಒಳ್ಳೆಯದೇ. ಆದರೂ ಹಳೆಯ ಸೂತ್ರವನ್ನು ಬಡಗಿಗೆ ಹೇಳುವುದು ಲೇಸು. ನಿತ್ಯದ ಬಟ್ಟೆ ಕಣ್ಣಿನಿಂದ ಸೊಂಟದವರೆಗಿನ ಎತ್ತರದಲ್ಲಿರಲಿ. ಅಪರೂಪದ್ದು ಮೇಲಿನ ಅಟ್ಟಕ್ಕೆ ಹೋಗಲಿ. ತೂಗುಹಾಕುವ ಭಾಗ ಸುಮಾರು ಎರಡು ಅಡಿ ಆಳವಿದ್ದರೆ ಅಂಗಿಯ ತೋಳು ಬಾಗಿಲಿಗೆ ಸಿಕ್ಕುವುದಿಲ್ಲ. ಅರಸೀಕೆರೆ ಒಣ ಬಯಲು, ಬೇಲೂರು ಮಲೆನಾಡಿನ ಸೆರಗು. ಅಲ್ಲಿ ಮಳೆಗೆ ನೆನೆಯುವ ಹೊರಗೋಡೆಗೆ ಬೀರುವನ್ನು ತಾಗಿಸಿದರೆ ಬೂಷ್ಟು ತಪ್ಪದು. ರೇಷ್ಮೆಯನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸದಿದ್ದರೆ ಜರಿ ಮಡಿಕೆಯಲ್ಲೇ ಮುರಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು, ಮನೆಯ ಪ್ರತಿಯೊಬ್ಬರಿಗೂ, ಅತ್ತೆಗೂ ಸೊಸೆಗೂ ಶಾಲೆಗೆ ಹೋಗುವ ಮಗುವಿಗೂ, ಇನ್ನೊಬ್ಬರು ಕೇಳದೆ ತೆರೆಯದ ಒಂದು ಅರೆಯಾದರೂ ಇರಬೇಕು. ಆ ಅರೆಯ ಅಳತೆ ಚಿಕ್ಕದಾದರೂ ಚಿಂತೆಯಿಲ್ಲ.