ರಕ್ತಕ್ಕೆ ಜಿಲ್ಲೆಯ ಗಡಿ ಗೊತ್ತಿಲ್ಲ

ಜಾಂಬೋಟಿಯಿಂದ ಪಶ್ಚಿಮಕ್ಕೆ ಹೊರಟ ರಸ್ತೆ ಕಣಕುಂಬಿ ದಾಟಿ, ಚೋರ್ಲಾ ಘಾಟ್ ಇಳಿದು ಗೋವಾ ಸೇರುತ್ತದೆ. ಇದೇ ಸಹ್ಯಾದ್ರಿಯ ಕಾಡು ದಕ್ಷಿಣಕ್ಕೆ ಖಾನಾಪುರ ತಾಲೂಕು ದಾಟಿ ಹಳಿಯಾಳ, ಯಲ್ಲಾಪುರದವರೆಗೂ ಹಬ್ಬಿದೆ. ಈ ಸೀಮೆಯ ಕಾಡಂಚಿನ ಊರುಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಗುಂಗುರು ಕೂದಲು, ಮೈಬಣ್ಣ ನೋಡಿ ಸಂತೆಯಲ್ಲಿ, ಬಸ್ಸಿನಲ್ಲಿ ಜನ ಕೇಳುವುದು ಒಂದೇ ಮಾತು: "ನೀವು ಯಾವ ದೇಶದವ್ರರೀ?"

ಇದಕ್ಕೆ ಇತಿಹಾಸವೂ ಉತ್ತರ ಕೊಟ್ಟಿದೆ, ವಿಜ್ಞಾನವೂ ಕೊಟ್ಟಿದೆ.

ಪೋರ್ಚುಗೀಸರು ಗೋವಾ ಗೆದ್ದದ್ದು 1510ರಲ್ಲಿ. ಆಮೇಲೆ ಅವರ ಹಡಗುಗಳಲ್ಲಿ ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ತಂದರು. ದುಡಿಮೆ, ಹಿಂಸೆ ತಾಳಲಾರದೆ ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಇಲ್ಲಿಯ ಸಿದ್ದಿಗಳ ಹಿರಿಯರಲ್ಲಿ ಅನೇಕರು ಹೀಗೆ ಬಂದವರು.

ನೂರಾರು ವರ್ಷ ಕಳೆದರೂ ಮುಖಚಹರೆ ಹೇಗೆ ಉಳಿಯಿತು? ಮಗು ತನ್ನ ವಂಶವಾಹಿಗಳಲ್ಲಿ ಅರ್ಧವನ್ನು ತಾಯಿಯಿಂದ, ಅರ್ಧವನ್ನು ತಂದೆಯಿಂದ ಪಡೆಯುತ್ತದೆ. ಯಾವ ಅರ್ಧ ಎನ್ನುವುದು ಪ್ರತಿ ಮಗುವಿಗೂ ಬೇರೆ. ಅದಕ್ಕೇ ಒಂದೇ ಮನೆಯ ಅಣ್ಣ ತಮ್ಮ ಒಂದೇ ಥರ ಇರುವುದಿಲ್ಲ. ಕೂದಲು, ಮೈಬಣ್ಣದಂಥ ಗುಣಗಳನ್ನು ಹಲವು ವಂಶವಾಹಿಗಳು ಸೇರಿ ತೀರ್ಮಾನಿಸುತ್ತವೆ. ಈ ಹಂಚಿಕೆಯಲ್ಲಿ ಎರಡು ತುಣುಕು ಮಾತ್ರ ಬೆರೆಯದೆ ನೇರ ಸಾಗುತ್ತವೆ. ವೈ ವರ್ಣತಂತು ತಂದೆಯಿಂದ ಮಗನಿಗೆ, ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಕ್ಕಳಿಗೆ. ಇವನ್ನು ಹಿಡಿದು ಹಳೆಯ ದಾರಿ ಹುಡುಕಬಹುದು.

ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಕರ್ನಾಟಕ, ಗುಜರಾತಿನ ಸಿದ್ದಿಗಳ ಡಿಎನ್‌ಎಯಲ್ಲಿ ಹಾಗೆಯೇ ಹುಡುಕಿದರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಿದ್ದಿಗಳ ಮೂಲ ಆಫ್ರಿಕಾದ ಬಂಟು ಭಾಷಿಕರಲ್ಲಿದೆ. ಆದರೆ ಅವರ ವಂಶವಾಹಿಗಳಲ್ಲಿ ಭಾರತೀಯರ ಪಾಲೂ ಇದೆ. ಈ ಬೆರಕೆ ಆದದ್ದು ಕಳೆದ ಎಂಟು ತಲೆಮಾರಿನೊಳಗೆ, ಅಂದರೆ ಸುಮಾರು 200 ವರ್ಷಗಳಲ್ಲಿ. ಎಂಟು ತಲೆಮಾರು ಹಿಂದಕ್ಕೆ ಎಣಿಸಿದರೆ ಒಂದು ಮಗುವಿಗೆ 256 ಹಿರಿಯರು. ಸಿದ್ದಿ ಮಗುವಿನ ಆ 256ರಲ್ಲಿ ಈ ನೆಲದವರೂ ಇದ್ದಾರೆ. ಅಂದಮೇಲೆ ಅವರು ಹೊರಗಿನವರಲ್ಲ, ನಮ್ಮ ಬಂಧುಗಳು.

ಸರಕಾರಿ ಕಾಗದ ಮಾತ್ರ ಬೇರೆ ಲೆಕ್ಕ ಹಾಕಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಯವರು ಸೇರಲಿಲ್ಲ. ಅದೇ ಕಾಡು, ಅದೇ ಕುಲ. ಆದರೂ ಹಳಿಯಾಳದ ಮಗುವಿಗೆ ಸಿಕ್ಕ ಪ್ರಮಾಣಪತ್ರ ಖಾನಾಪುರದ ಮಗುವಿಗೆ ಸಿಗಲಿಲ್ಲ. ವಿದ್ಯಾರ್ಥಿವೇತನ, ಹಾಸ್ಟೆಲ್, ನೌಕರಿಯ ಮೀಸಲಾತಿ ಎಲ್ಲದಕ್ಕೂ ಆ ಕಾಗದವೇ ಬಾಗಿಲು. ಸಂಸತ್ತು ಕಾನೂನು ತಿದ್ದಿ ಈ ಎರಡು ಜಿಲ್ಲೆಗಳನ್ನು ಸೇರಿಸಿದ್ದು 2020ರಲ್ಲಿ. ಅಷ್ಟರಲ್ಲಿ 17 ವರ್ಷ ಹೋಗಿತ್ತು. 2003ರಲ್ಲಿ ಹುಟ್ಟಿದ ಕೂಸು ಆಗಲೇ ಎಸ್ಸೆಸ್ಸೆಲ್ಸಿ ದಾಟುವ ವಯಸ್ಸಿಗೆ ಬಂದಿತ್ತು.

ಅದೇ 2020ರಲ್ಲಿ ಯಲ್ಲಾಪುರ ಸೀಮೆಯ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರು ಅವರು.

ನಿಮ್ಮೂರಿನಲ್ಲಿ ಸಿದ್ದಿ ಮನೆಗಳಿದ್ದರೆ, ಮಕ್ಕಳಿಗೆ ಪರಿಶಿಷ್ಟ ಪಂಗಡದ ಪ್ರಮಾಣಪತ್ರ ಮಾಡಿಸಿದ್ದಾರೋ ಇಲ್ಲವೋ ಕೇಳಿ. ಇಲ್ಲವೆಂದರೆ ನಾಡಕಚೇರಿಯವರೆಗೆ ಜೊತೆಗೆ ಹೋಗಿ ಬನ್ನಿ. ಯಾವ ದೇಶದವರೆಂದು ಕೇಳುವುದಕ್ಕಿಂತ ಅದು ಮೇಲು.