ಹೆರ್ನ್‌ಹುಟ್‌ನ ದಿನವಾಕ್ಯ

ದಿನಕ್ಕೊಂದು ಬೈಬಲ್ ವಚನ ಓದಿ ಧ್ಯಾನಿಸುವುದನ್ನು ನಾವು ಒಬ್ಬೊಬ್ಬರ ಖಾಸಗಿ ಭಕ್ತಿಯೆಂದೇ ತಿಳಿದಿದ್ದೇವೆ. ಈ ರೂಢಿಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಧಾರ್ಮಿಕ ಕಿರುಕುಳ ತಾಳದೆ ಮೊರಾವಿಯಾದಿಂದ ಓಡಿಬಂದವರು ಜರ್ಮನಿಯ ಸ್ಯಾಕ್ಸನಿಯಲ್ಲಿ ಕಟ್ಟಿಕೊಂಡ ಊರು ಹೆರ್ನ್‌ಹುಟ್. ಅಲ್ಲಿ 1728ರ ಮೇ 3ರ ಸಂಜೆ, ಅವರಿಗೆ ಆಶ್ರಯ ಕೊಟ್ಟಿದ್ದ ಕೌಂಟ್ ಜಿನ್‌ಜೆಂಡಾರ್ಫ್ ಮರುದಿನಕ್ಕೆಂದು ಸಭೆಗೆ ಒಂದು ವಾಕ್ಯ ಕೊಟ್ಟರು. ಬೆಳಗಾದರೆ ಸಭೆಯ ಸಹೋದರರು ದಿನದ ವಾಕ್ಯವನ್ನು ಮನೆಮನೆಗೆ ಒಯ್ದು ಹೇಳುವುದು, ಹಾಗೆಯೇ ಆ ಮನೆಯವರ ಕಾಯಿಲೆ ಕಸಾಲೆ, ಮನಸ್ತಾಪಗಳನ್ನೂ ವಿಚಾರಿಸಿ ಬರುವುದು ರೂಢಿಯಾಯಿತು. ಹಿಂದಿನ ವರ್ಷವಷ್ಟೇ ಒಳಜಗಳದಿಂದ ಒಡೆಯುವುದರಲ್ಲಿದ್ದ ಸಮುದಾಯವದು. ಅಲ್ಲಿ ಪಾಪವೆಂದರೆ ನೆರೆಯವನೊಡನೆ ಮಾತುಬಿಟ್ಟದ್ದೂ ಹೌದು. ಅದನ್ನು ಒಬ್ಬನೇ ಕೂತು ಧ್ಯಾನಿಸಿದರೆ ಸಾಲದು.

1731ರ ವರ್ಷಕ್ಕೆ ಈ ವಾಕ್ಯಗಳು ಪುಸ್ತಕವಾಗಿ ಅಚ್ಚಾದವು. ದಿನದ ವಾಕ್ಯವನ್ನು ಆರಿಸುತ್ತಿದ್ದುದು ಚೀಟಿ ಎತ್ತಿ. ಹೀಗೆ ವಚನ ತೆಗೆಯುವುದು ಶಕುನ ಕೇಳಿದಂತಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. ಆದರೆ ಶಕುನ ಕೇಳುವವನಿಗೆ ಬೇಕಾದದ್ದು ತನ್ನೊಬ್ಬನ ಪ್ರಶ್ನೆಗೆ ಉತ್ತರ. ಇಲ್ಲಿ ಮೊದಲೇ ಅಚ್ಚಾದ ವಾಕ್ಯ ಎಲ್ಲರಿಗೂ ಒಂದೇ. ತನ್ನ ತಪ್ಪನ್ನು ಮುಟ್ಟದ ವಚನವನ್ನೇ ಹುಡುಕಿಕೊಳ್ಳುವ ದಾರಿ ಯಾರಿಗೂ ಇರಲಿಲ್ಲ. ವಿವೇಚನೆಯನ್ನೂ ಅವರು ಕೈಬಿಟ್ಟಿಲ್ಲ: ಇಂದಿಗೂ ಹೆರ್ನ್‌ಹುಟ್‌ನಲ್ಲಿ ಚೀಟಿ ಎತ್ತುವುದು ಹಳೆ ಒಡಂಬಡಿಕೆಯ ವಾಕ್ಯಕ್ಕೆ ಮಾತ್ರ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಯೋಚಿಸಿಯೇ ಆರಿಸುತ್ತಾರೆ.